ಕುರ್ಚಿ ಕೊಳ್ಳುವ ಮುಂಚೆ ಟೇಪು ಹಿಡಿಯಿರಿ

ಅಂಗಡಿಯಲ್ಲಿ ಐದು ನಿಮಿಷ ಕುಳಿತಾಗ ಹಾಯೆನಿಸುವ ಕುರ್ಚಿ ಒಂದು. ಮನೆಯಲ್ಲಿ ದಿನಕ್ಕೆ ಎಂಟು ತಾಸು ಕುಳಿತರೂ ಸೊಂಟ ಹಿಡಿಯದ ಕುರ್ಚಿ ಇನ್ನೊಂದು. ಎರಡೂ ಒಂದೇ ಅಂತ ಅಂದುಕೊಳ್ಳುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿಂದ.

ಕಲಬುರಗಿಯಲ್ಲಿ ಈಗ ಮನೆಯಿಂದಲೇ ಕೆಲಸ ಮಾಡುವವರು ಎಲ್ಲ ಓಣಿಗಳಲ್ಲೂ ಇದ್ದಾರೆ. ಕಂಪನಿ ಬೆಂಗಳೂರಿನದೋ ಹೈದರಾಬಾದಿನದೋ ಇರುತ್ತದೆ, ಕೂರುವುದು ಮಾತ್ರ ಸೇಡಂ ರೋಡಿನ ಮನೆಯ ಹಾಲಿನಲ್ಲಿ. ಆನ್‌ಲೈನ್ ಪಾಠ ಮಾಡುವ ಮೇಷ್ಟ್ರು, ಜಿಎಸ್‌ಟಿ ಲೆಕ್ಕ ನೋಡುವವರು, ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೇರೆ. ಇವರೆಲ್ಲ ಕುರ್ಚಿ ಕೊಳ್ಳುವಾಗ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ನೋಡೋಕೆ ಚೆನ್ನಾಗಿರೋದು ತಗೊಳ್ಳಲೋ, ಕೂರೋಕೆ ಚೆನ್ನಾಗಿರೋದು ತಗೊಳ್ಳಲೋ?

ಇವೆರಡನ್ನು ಎದುರುಬದುರು ನಿಲ್ಲಿಸಬೇಡಿ, ಒಂದರ ಹಿಂದೆ ಒಂದು ನಿಲ್ಲಿಸಿ. ಮೊದಲು ಅಳತೆ. ಆಮೇಲೆ ನಮ್ಮೂರಿನ ಬಿಸಿಲು ಮತ್ತು ನೆಲ. ಕೊನೆಗೆ ಅಂದ. ಚಪ್ಪಲಿ ಅಂಗಡಿಯಲ್ಲಿ ನಂಬರ್ ಹೇಳಿದ ಮೇಲೆ ತಾನೇ ಬಣ್ಣ ನೋಡೋದು, ಹಾಗೆ. ಈ ಸಾಲು ಕೆಡಿಸದಿದ್ದರೆ ಅಂದವನ್ನು ಬಿಟ್ಟುಕೊಡುವ ಪ್ರಸಂಗ ಬರುವುದು ಬಹಳ ಕಡಿಮೆ. ಅಂದ ಮೊದಲು ನೋಡಿದರೆ ಮಾತ್ರ ಸೊಂಟ ಅದರ ಬೆಲೆ ಕಟ್ಟುತ್ತದೆ.

ಮೆತ್ತಗಿರುವುದೇ ಹಿತ ಅನ್ನುವ ನಂಬಿಕೆಯನ್ನು ಮೊದಲು ಬಿಡಬೇಕು. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಯಾವುದಾದರೂ ಫರ್ನಿಚರ್ ಅಂಗಡಿಗೆ ಹೋಗಿ ಆಫೀಸ್ ಚೇರ್ ಕೇಳಿ. ಮೊದಲು ತೋರಿಸುವುದು ಕಪ್ಪು ರೆಕ್ಸಿನ್ನಿನ, ಎತ್ತರದ ಬೆನ್ನಿನ, ದಪ್ಪ ಕುಶನ್ನಿನ ಕುರ್ಚಿ. "ಇದು ಬಾಸ್ ಚೇರ್ ಅದರಿ ಸರ. ಒಮ್ಮಿ ಕುಂತ್ ನೋಡ್ರಿ, ಏಳಲಿಕ್ಕೇ ಮನಸ್ಸಾಗಲ್ಲ." ಅವರು ಹೇಳಿದ್ದು ಆ ಗಳಿಗೆಗೆ ನಿಜವೇ. ಕುಳಿತ ಕೂಡಲೇ ಮೈ ಒಳಗೆ ಇಳಿಯುತ್ತದೆ, ಬಿಸಿಲಲ್ಲಿ ತಿರುಗಾಡಿ ಬಂದ ಕಾಲಿಗೆ ಸುಖ ಅನಿಸುತ್ತದೆ. ಆದರೆ ನಾವು ಕುಳಿತಾಗ ಮೈಭಾರ ಹೊರಬೇಕಾದದ್ದು ಪೃಷ್ಠದ ಕೆಳಗಿರುವ ಎರಡು ಗಟ್ಟಿ ಮೂಳೆಗಳು. ಎರಡೂ ಅಂಗೈಯನ್ನು ಕೆಳಗಿಟ್ಟು ಒಂದು ಮಣೆಯ ಮೇಲೆ ಕೂತು ನೋಡಿ, ಎರಡು ಗುಬುಟು ಅಂಗೈಗೆ ಒತ್ತುತ್ತವೆ, ಅವೇ. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಫೋಮಿನಲ್ಲಿ ಹುದುಗಿ, ಭಾರವೆಲ್ಲ ಸುತ್ತಲಿನ ಮಾಂಸದ ಮೇಲೆ, ತೊಡೆಯ ಮೇಲೆ ಬೀಳುತ್ತದೆ. ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ಒಂದು ತಾಸಾದ ಮೇಲೆ ಅತ್ತ ಇತ್ತ ಹೊರಳಾಡಲು ಶುರು ಮಾಡ್ತೀವಿ. ಕಾರಣ ಗೊತ್ತಾಗುವುದಿಲ್ಲ, ಏಕೆಂದರೆ ಕುರ್ಚಿ ಮೆತ್ತಗೇ ಇರುತ್ತದೆ.

ಅಗ್ಗದ ಫೋಮ್ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗಿ, ಕೆಳಗಿನ ಪ್ಲೈವುಡ್ ಹಲಗೆ ಮೈಗೆ ತಾಗುತ್ತದೆ. ಗಾದಿ ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅನ್ನುವುದನ್ನು ಕೇಳಿರುತ್ತೀರಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ ಅದು. ದಿನವಿಡೀ ಕೂರುವ ಸೀಟಿಗೆ 40ಕ್ಕಿಂತ ಕಡಿಮೆ ಬೇಡ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತ ಅಲ್ಲ, ಬಾಳಿಕೆ ಜಾಸ್ತಿ ಅಂತ. ಅಂಗಡಿಯಲ್ಲಿ ಡೆನ್ಸಿಟಿ ಗೊತ್ತಿಲ್ಲ ಅಂದರೆ ಹೆಬ್ಬೆರಳಿನಿಂದ ಸೀಟಿನ ನಡುವೆ ಜೋರಾಗಿ ಒತ್ತಿ. ಹಲಗೆ ಬೆರಳಿಗೆ ಸಿಕ್ಕರೆ ಆ ಕುರ್ಚಿ ಬಿಟ್ಟುಬಿಡಿ.

ಈಗ ಬೆನ್ನಿನ ಮಾತು. ನಿಂತಾಗ ನಮ್ಮ ಸೊಂಟದ ಹತ್ತಿರ ಬೆನ್ನೆಲುಬು ಒಳಕ್ಕೆ ಬಾಗಿರುತ್ತದೆ. ಕುಳಿತ ಕೂಡಲೇ ಆ ಬಾಗು ಕಡಿಮೆಯಾಗುತ್ತದೆ, ಮುಂದಕ್ಕೆ ಬಗ್ಗಿ ಕುಳಿತರೆ ತಿರುಗುಮುರುಗಾಗುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960-70ರ ದಶಕಗಳಲ್ಲಿ ಜೀವಂತ ಮನುಷ್ಯರ ಬೆನ್ನಿನ ಡಿಸ್ಕಿನೊಳಗೆ, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯೊಳಗೆ, ಸೂಜಿ ಇಳಿಸಿ ಒತ್ತಡ ಅಳೆದರು. ಆಧಾರವಿಲ್ಲದೆ ಕುಳಿತಾಗ ಡಿಸ್ಕಿನ ಒತ್ತಡ ನಿಂತದ್ದಕ್ಕಿಂತ ಜಾಸ್ತಿ ಅಂತ ಅವರಿಗೆ ಕಂಡಿತು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ಇದೇ ತರಹ ಅಳೆದಾಗ, ಆರಾಮಾಗಿ ಕುಳಿತರೆ ನಿಂತದ್ದಕ್ಕಿಂತ ಹೆಚ್ಚೇನಿಲ್ಲ ಅಂತ ಬಂತು. ಹೀಗೆ ಕೂರುವುದೇ ಕೆಟ್ಟದ್ದೋ ಅಲ್ಲವೋ ಅನ್ನುವುದರಲ್ಲಿ ಎರಡು ಅಳತೆಗಳೂ ಕೂಡಿಬರಲಿಲ್ಲ. ಆದರೆ ಮುಂದಕ್ಕೆ ಬಗ್ಗಿ ಕುಳಿತರೆ ಒತ್ತಡ ಏರುತ್ತದೆ, ಹಿಂದಕ್ಕೆ ಒರಗಿ ಬೆನ್ನಿಗೆ ಆಧಾರ ಕೊಟ್ಟರೆ ಇಳಿಯುತ್ತದೆ ಅನ್ನುವುದರಲ್ಲಿ ಜಗಳವಿಲ್ಲ. ಕುರ್ಚಿಯಿಂದ ನಮಗೆ ಬೇಕಾದದ್ದು ಇಷ್ಟೇ: ಹಿಂದಕ್ಕೆ ಒರಗಿಯೇ ಕೆಲಸ ಮಾಡಲು ಆಗಬೇಕು, ಒರಗಿದಾಗ ಸೊಂಟದ ಬಾಗಿನ ಜಾಗಕ್ಕೆ ಏನಾದರೂ ತಾಗಬೇಕು.

ಆ "ಏನಾದರೂ" ಎಲ್ಲಿ ತಾಗುತ್ತದೆ ಅನ್ನುವುದೇ ಮುಖ್ಯ. ಪ್ಯಾಂಟಿನ ಬೆಲ್ಟ್ ಇರುವ ಜಾಗದಿಂದ ಸ್ವಲ್ಪ ಮೇಲೆ ತಾಗಬೇಕು. ಬಹಳ ಕುರ್ಚಿಗಳಲ್ಲಿ ಲಂಬಾರ್ ಸಪೋರ್ಟ್ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಅದು ಎತ್ತರದ ಗಂಡಸರ ಲೆಕ್ಕಕ್ಕೆ ಕೂತಿರುತ್ತದೆ. ಐದು ಅಡಿ ಎರಡು ಇಂಚಿನ ಅಕ್ಕನಿಗೆ ಅದು ಪಕ್ಕೆಲುಬಿನ ಹತ್ತಿರ ಚುಚ್ಚುತ್ತದೆ. ಪಟ್ಟಿ ಮೇಲೆ ಕೆಳಗೆ ಸರಿಯದಿದ್ದರೆ, ಅದು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಸುರುಳಿ ಸುತ್ತಿದ ಟವೆಲ್ ಅದಕ್ಕಿಂತ ಒಳ್ಳೆಯ ಕೆಲಸ ಮಾಡುತ್ತದೆ.

ಅಳತೆಗೆ ಬರೋಣ. ಟೇಪು ಹಿಡಿಯಿರಿ ಅಂದದ್ದು ಇದಕ್ಕೇ. ಮೂರು ಅಳತೆ ಸಾಕು, ಮನೆಯವರೊಬ್ಬರು ಸಹಾಯಕ್ಕಿದ್ದರೆ ಬೇಗ ಮುಗಿಯುತ್ತದೆ. ಮೊದಲನೆಯದು ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ. ಮನೆಯಲ್ಲಿ ಚಪ್ಪಲಿ ಹಾಕಿ ಕೆಲಸ ಮಾಡುವವರಾದರೆ ಚಪ್ಪಲಿ ಹಾಕಿಯೇ ಅಳೆಯಿರಿ. ಎರಡನೆಯದು ಬೆನ್ನು ಗೋಡೆಗೆ ಅಂಟಿಸಿ ಕುಳಿತು, ಗೋಡೆಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ. ಮೂರನೆಯದು ಕುಳಿತಾಗ ಸೀಟಿನಿಂದ ಮೊಣಕೈವರೆಗೆ, ತೋಳು ಸುಮ್ನೆ ಇಳಿಬಿಟ್ಟುಕೊಂಡು.

ಎರಡನೇ ಅಳತೆ ಸೀಟಿನ ಆಳ ಹೇಳುತ್ತದೆ. ಹಿಂದಕ್ಕೆ ಪೂರ್ತಿ ಸರಿದು ಕುಳಿತಾಗ ಸೀಟಿನ ಅಂಚಿಗೂ ಮೊಣಕಾಲಿನ ಮಡಿಕೆಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಬೇಕು. ಬಾಸ್ ಚೇರಿನ ಸೀಟು ಸಾಮಾನ್ಯವಾಗಿ ಆಳ ಜಾಸ್ತಿ. ಕುಳ್ಳಗಿರುವವರಿಗೆ ಅದರ ಅಂಚು ಮೀನಖಂಡಕ್ಕೆ ಒತ್ತುತ್ತದೆ, ಒತ್ತುತ್ತದೆ ಅಂತ ಮುಂದಕ್ಕೆ ಸರಿಯುತ್ತಾರೆ, ಸರಿದ ಮೇಲೆ ಬೆನ್ನಿಗೂ ಕುರ್ಚಿಗೂ ಸಂಬಂಧವೇ ಉಳಿಯುವುದಿಲ್ಲ. ಅಷ್ಟು ಎತ್ತರದ ಬೆನ್ನು, ಅಷ್ಟು ದಪ್ಪ ಕುಶನ್, ಎಲ್ಲ ಹಿಂದೆ ಖಾಲಿ ನಿಂತಿರುತ್ತದೆ. ಹೆಂಗಸರು ದೊಡ್ಡ ಕುರ್ಚಿಯ ತುದಿಯಲ್ಲಿ ಕೂತು ಕೆಲಸ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕುರ್ಚಿ ಕೊಂಡವರು ಒಬ್ಬರು, ಕೂರುವವರು ಇನ್ನೊಬ್ಬರು ಆದ ಮನೆಗಳಲ್ಲಿ ಇದು ಜಾಸ್ತಿ. ಯಾರು ಕೂರುತ್ತಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

ಮೊದಲನೇ ಮತ್ತು ಮೂರನೇ ಅಳತೆ ಸೇರಿ ಟೇಬಲ್ಲಿನ ಕಥೆ ಹೇಳುತ್ತವೆ. ನಮ್ಮಲ್ಲಿ ಸಿಗುವ ಟೇಬಲ್ಲುಗಳ ಎತ್ತರ ಸುಮಾರು 30 ಇಂಚು. ಟೈಪ್ ಮಾಡುವಾಗ ಮೊಣಕೈ ಹೆಚ್ಚು ಕಡಿಮೆ ಟೇಬಲ್ಲಿನ ಮಟ್ಟಕ್ಕೆ ಇರಬೇಕು, ಇಲ್ಲದಿದ್ದರೆ ಭುಜ ಎತ್ತಿಕೊಂಡೇ ಕೂರಬೇಕಾಗುತ್ತದೆ, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಆ ಅಕ್ಕನ ಲೆಕ್ಕವನ್ನೇ ಹಾಕಿ. ಸೀಟಿನಿಂದ ಮೊಣಕೈಗೆ 9 ಇಂಚು ಅಂದುಕೊಂಡರೆ ಸೀಟು 21 ಇಂಚಿಗೆ ಏರಬೇಕು. ಅವರ ಕಾಲಿನ ಅಳತೆ 16 ಇಂಚು. ಉಳಿದ 5 ಇಂಚು ಕಾಲು ಗಾಳಿಯಲ್ಲಿ. ಕಾಲು ಜೋತಾಡಿದರೆ ಸೀಟಿನ ಅಂಚು ತೊಡೆಯ ಕೆಳಗೆ ಒತ್ತಿ ಪಾದ ಜೋಮು ಹಿಡಿಯುತ್ತದೆ. ಇದಕ್ಕೆ ಎಷ್ಟೇ ದುಬಾರಿ ಕುರ್ಚಿ ತಂದರೂ ಪರಿಹಾರವಿಲ್ಲ, ಏಕೆಂದರೆ ತಪ್ಪು ಟೇಬಲ್ಲಿನದು. ಕಾಲ ಕೆಳಗೆ ಗಟ್ಟಿಯಾದದ್ದು ಏನಾದರೂ ಇಡಿ, ಒಂದರ ಮೇಲೊಂದು ಎರಡು ಮಣೆ ಇಟ್ಟರೂ ಆಯಿತು. ಕಟ್ಟಿಗೆ ಟೇಬಲ್ ಆದರೆ ಬಡಿಗೇರರಿಗೆ ಹೇಳಿ ಕಾಲುಗಳನ್ನು ಎರಡು ಮೂರು ಇಂಚು ಕೊಯ್ಸಿ, ಇನ್ನೂ ಒಳ್ಳೆಯದು. ಸಾವಿರಾರು ರೂಪಾಯಿಯ ಕುರ್ಚಿ ಮಾಡದ ಕೆಲಸವನ್ನು ಆ ಗರಗಸ ಮಾಡುತ್ತದೆ.

ಲ್ಯಾಪ್‌ಟಾಪ್ ಅನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ಸ್ಕ್ರೀನು ತಗ್ಗು, ಕತ್ತು ಬಗ್ಗಲೇಬೇಕು. ಅದನ್ನು ಪುಸ್ತಕಗಳ ಮೇಲೆ ಎತ್ತರಿಸಿ, ಬೇರೆ ಕೀಬೋರ್ಡ್ ಮೌಸ್ ಹಾಕಿಕೊಳ್ಳಿ.

ಅಳತೆ ಮುಗಿಯಿತು, ಇನ್ನು ಊರು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಸರ್ಕಾರಿ ಕಚೇರಿಗಳ ಸಮಯವನ್ನೇ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಸೀಮೆ ನಮ್ಮದು. ಆದರೆ ಬೆಂಗಳೂರಿನ ಕಂಪನಿಗೆ ನಮ್ಮ ಬಿಸಿಲು ಗೊತ್ತಿಲ್ಲ, ಮೂರು ಗಂಟೆಗೆ ಮೀಟಿಂಗ್ ಇದ್ದರೆ ಮೂರು ಗಂಟೆಗೇ ಕೂರಬೇಕು. ಆ ಹೊತ್ತಿಗೆ ರೆಕ್ಸಿನ್ ಕುರ್ಚಿ ಅಂದರೆ ಬೆನ್ನೆಲ್ಲ ಬೆವರು, ಅಂಗಿ ಅಂಟಿಕೊಳ್ಳುತ್ತದೆ, ಎದ್ದಾಗ ಚರ್ ಅಂತ ಬಿಡಿಸಿಕೊಂಡು ಬರುತ್ತದೆ. ಫ್ಯಾನಿನ ಗಾಳಿ ಬೆನ್ನಿಗೆ ಸಿಗುವುದೇ ಇಲ್ಲ.

ರೆಕ್ಸಿನ್ ಸುಲಿಯುವುದೂ ಇದೇ ಕಾರಣಕ್ಕೆ. ಪಿಯು ಲೆದರ್ ಅಂತ ಮಾರುವ ಬಟ್ಟೆಯ ಮೇಲೆ ಪಾಲಿಯುರೆಥೇನ್ ಅನ್ನುವ ತೆಳು ಪದರ ಇರುತ್ತದೆ. ತೇವ ಮತ್ತು ಬಿಸಿ ಸೇರಿದರೆ ಆ ಪದರದ ಅಣುಗಳ ಕೊಂಡಿ ಬಿಚ್ಚುತ್ತದೆ, ಮೊದಲು ಬಿರುಕು, ಆಮೇಲೆ ಹಪ್ಪಳೆ ಹಪ್ಪಳೆಯಾಗಿ ಉದುರುವುದು. ನಮ್ಮ ಬಿಸಿಲು ಒಣ ಬಿಸಿಲು ನಿಜ, ಆದರೆ ಬೆನ್ನಿನ ಬೆವರಿದೆ, ತಲೆಗೆ ಹಚ್ಚಿದ ಎಣ್ಣೆಯಿದೆ, ಅದರ ಮೇಲೆ ಕೂಲರ್ ಇದೆ. ಕೂಲರ್ ತಂಪು ಮಾಡುವುದೇ ನೀರನ್ನು ಗಾಳಿಗೆ ಸೇರಿಸಿ. ಕಿಟಕಿ ಮುಚ್ಚಿ ಕೂಲರ್ ಹಚ್ಚಿದ ಕೋಣೆಯಲ್ಲಿ ಎಲ್ಲವೂ ತೇವ. ಹೊಸದರಲ್ಲಿ ಎಲ್ಲಕ್ಕಿಂತ ಮಿರುಗುವ ಕುರ್ಚಿ ಎಲ್ಲಕ್ಕಿಂತ ಮೊದಲು ಹಳತಾಗಿ ಕಾಣುವುದು ಹೀಗೆ. ಸ್ಟೈಲ್ ಸಲುವಾಗಿಯೇ ಕೊಳ್ಳುವವರೂ ಇದನ್ನು ಯೋಚಿಸಬೇಕು.

ನಮ್ಮ ಕಡೆಗೆ ನಾನು ಹೇಳುವುದು ಬೆನ್ನಿಗೆ ಬಲೆಯಂಥ ಜಾಲಿ (ಮೆಶ್), ಸೀಟಿಗೆ ಬಟ್ಟೆ ಹೊದಿಸಿದ ಒಳ್ಳೆಯ ಫೋಮ್. ಬೆನ್ನಿನ ಜಾಲಿಯಲ್ಲಿ ಗಾಳಿ ಆಡುತ್ತದೆ. ಸೀಟಿಗೂ ಜಾಲಿ ಇರುವುದು ಇನ್ನೂ ತಂಪು, ಆದರೆ ಅಗ್ಗದ ಜಾಲಿ ಬೇಗ ಜೋತುಬೀಳುತ್ತದೆ, ಆಗ ಮುಂದಿನ ಗಟ್ಟಿ ಚೌಕಟ್ಟು ತೊಡೆಗೆ ಒತ್ತುತ್ತದೆ. ಜಾಲಿಯಲ್ಲಿ ಧೂಳು ಕೂರುವುದು ನಿಜ. ವಾರಕ್ಕೊಮ್ಮೆ ಒಣ ಬ್ರಷ್ ಆಡಿಸಿದರೆ ಸಾಕು.

ಇನ್ನು ನೆಲ. ಇಲ್ಲಿನ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಪರಸಿ ಇರುತ್ತದೆ. ಬೇಸಿಗೆಯಲ್ಲಿ ಅದರಷ್ಟು ತಂಪು ನೆಲ ಇಲ್ಲ, ಅದನ್ನು ಕಿತ್ತು ಟೈಲ್ಸ್ ಹಾಕಿಸಬೇಡಿ ಅಂತಲೇ ನಾನು ಹೇಳುವುದು. ಆದರೆ ಪರಸಿಯ ಸಂದುಗಳಲ್ಲಿ ಕುರ್ಚಿಯ ಗಾಲಿ ಸಿಕ್ಕಿಕೊಳ್ಳುತ್ತದೆ, ಕಲ್ಲು ಸಮ ಇಲ್ಲದಿದ್ದರೆ ಕುರ್ಚಿ ಒಂದು ಕಡೆ ವಾಲಿ ನಿಲ್ಲುತ್ತದೆ. ಕುರ್ಚಿಯ ಜೊತೆ ಬರುವ ಗಟ್ಟಿ ನೈಲಾನ್ ಗಾಲಿಗಳು ಕಾರ್ಪೆಟ್ ಹಾಸಿದ ಆಫೀಸಿಗೆ ಸರಿ. ಕಲ್ಲಿಗೆ, ಟೈಲ್ಸಿಗೆ ಮೆತ್ತನೆಯ ಪಿಯು ಹೊದಿಕೆಯ ಗಾಲಿ ಬೇಕು, ಸದ್ದೂ ಕಡಿಮೆ, ಗೀರೂ ಬೀಳುವುದಿಲ್ಲ. ಸಣ್ಣ ಗಾಲಿಗಿಂತ 60 ಮಿಲಿಮೀಟರಿನದು ಸಂದು ದಾಟುವುದರಲ್ಲಿ ಮೇಲು. ಬಹಳ ಕುರ್ಚಿಗಳ ಗಾಲಿಯ ಮೊಳೆ 11 ಮಿಲಿಮೀಟರಿನದೇ, ಕೈಯಿಂದ ಎಳೆದರೆ ಹಳತು ಬರುತ್ತದೆ, ಒತ್ತಿದರೆ ಹೊಸತು ಕೂರುತ್ತದೆ.

ಒಂದು ಮಾತು ಯಾವ ಕಂಪನಿಯ ಕುರ್ಚಿ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮಲ್ಲಿ ಬಹಳ ಜನ ಕುರ್ಚಿಯ ಮೇಲೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ನೆಲದ ಮೇಲೆ ಕೂತು ಬೆಳೆದ ಮೈಗೆ ಅದೇ ಆರಾಮ. ಕಾಲು ಆಗಾಗ ಬದಲಿಸುವುದು ಮೈಗೆ ಒಳ್ಳೆಯದೇ, ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇರುವುದೇ ಕೆಟ್ಟದ್ದು. ಹಾಗೆ ಕೂರುವವರು ಅಗಲವಾದ, ಚಪ್ಪಟೆ ಸೀಟು ನೋಡಿ, ಹ್ಯಾಂಡಲ್ ಬಿಚ್ಚಲು ಬರುವಂಥದ್ದು. ಹ್ಯಾಂಡಲ್ ಟೇಬಲ್ಲಿಗೆ ತಾಗಿ ಕುರ್ಚಿ ಒಳಗೆ ಹೋಗದಿದ್ದರೂ ಅದನ್ನು ಬಿಚ್ಚಿಡುವುದೇ ಲೇಸು.

ಇದೇ ಕಾರಣಕ್ಕೆ ಗೇಮಿಂಗ್ ಚೇರ್ ನನಗೆ ಸರಿಬರುವುದಿಲ್ಲ. ಕೆಂಪು ಕಪ್ಪು ಪಟ್ಟಿ, ಎರಡೂ ಬದಿಗೆ ಎದ್ದು ನಿಂತ ರೆಕ್ಕೆ, ಹುಡುಗರಿಗೆ ಆಸೆಯಾಗುವುದು ಸಹಜ. ಆ ರೂಪ ಬಂದದ್ದು ರೇಸ್ ಕಾರಿನ ಸೀಟಿನಿಂದ. ಕಾರು ಜೋರಾಗಿ ತಿರುಗುವಾಗ ಮೈ ಪಕ್ಕಕ್ಕೆ ಎಸೆಯದಂತೆ ಹಿಡಿಯಲು ಅಲ್ಲಿ ರೆಕ್ಕೆ ಬೇಕು. ಮನೆಯಲ್ಲಿ ಕೂತ ಕುರ್ಚಿ ಎಲ್ಲಿಗೂ ತಿರುಗುವುದಿಲ್ಲ. ಇಲ್ಲಿ ಆ ರೆಕ್ಕೆ ತೊಡೆ ಭುಜಗಳನ್ನು ಕಟ್ಟಿಹಾಕುತ್ತದೆ ಅಷ್ಟೇ, ಅದರ ಮೇಲೆ ಹೊದಿಸಿರುವುದು ಬಹುಪಾಲು ಮತ್ತದೇ ರೆಕ್ಸಿನ್.

ಹಾಗಂತ ಅಂದ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಲಿನ ಮೂಲೆಯೇ ಆಫೀಸಾದ ಮನೆಯಲ್ಲಿ ಕುರ್ಚಿ ದಿನವಿಡೀ ಎಲ್ಲರ ಕಣ್ಣಿಗೆ ಬೀಳುತ್ತದೆ. ಬೀಗರು ಬಂದಾಗ ಅದು ಅಲ್ಲೇ ಇರುತ್ತದೆ. "ಇದೇನಿದು, ಮನಿಯೊಳಗ ಬ್ಯಾಂಕ್ ತಂದಿಟ್ಟಂಗಾಗೇದ" ಅಂತ ಅವ್ವ ಅಂದರೆ ಅದು ಸಣ್ಣ ದೂರಲ್ಲ. ಮನೆಯವರಿಗೆ ಇಷ್ಟವಾಗದ ಕುರ್ಚಿ ನಿಧಾನಕ್ಕೆ ಒಳಕೋಣೆಗೆ, ಅಲ್ಲಿಂದ ಮಾಳಿಗೆಗೆ ಹೋಗುತ್ತದೆ, ನಾವು ಮತ್ತೆ ಪ್ಲಾಸ್ಟಿಕ್ ಕುರ್ಚಿಗೆ ಬರುತ್ತೇವೆ. ಕಣ್ಣಿಗೆ ಒಪ್ಪುವುದೂ ಒಂದು ಉಪಯೋಗವೇ.

ಅಂದ ಎಲ್ಲಿ ಹುಡುಕಬೇಕು ಅಂದರೆ, ಮೈಗೆ ಸಂಬಂಧವಿಲ್ಲದ ಭಾಗಗಳಲ್ಲಿ. ಬಣ್ಣ, ಬಟ್ಟೆಯ ನೇಯ್ಗೆ, ಕಾಲಿನ ರೂಪ, ಹ್ಯಾಂಡಲಿನ ಕಟ್ಟಿಗೆ. ಹೆಡ್‌ರೆಸ್ಟ್ ಬಿಡಿ. ಟೈಪ್ ಮಾಡುವಾಗ ತಲೆ ಅದಕ್ಕೆ ತಾಗುವುದೇ ಇಲ್ಲ, ಪೂರ್ತಿ ಒರಗಿ ಮಲಗುವವರಿಗೆ ಮಾತ್ರ ಅದು ಬೇಕು. ಅದನ್ನು ತೆಗೆದರೆ ಕುರ್ಚಿ ಅರ್ಧ ಹಗುರಾಗಿ ಕಾಣುತ್ತದೆ, ದುಡ್ಡೂ ಉಳಿಯುತ್ತದೆ. ಹೆಗಲ ಕೆಳಗೆ ನಿಲ್ಲುವ ಬೆನ್ನಿನ, ಬೂದು ಅಥವಾ ಕಂದು ಬಟ್ಟೆಯ ಕುರ್ಚಿ ನಮ್ಮ ಹಾಲುಗಳಿಗೆ ಚೆನ್ನಾಗಿ ಹೊಂದುತ್ತದೆ.

ಅಂದದ ಬಗ್ಗೆ ನಮ್ಮ ಕಣ್ಣೂ ಬದಲಾಗುತ್ತದೆ ಅನ್ನುವುದಕ್ಕೆ ಏರಾನ್ ಕುರ್ಚಿಯೇ ಸಾಕ್ಷಿ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗಾಗಿ ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ಇಬ್ಬರೂ ಸೇರಿ ಅದನ್ನು ಮಾಡಿದರು, 1994ರಲ್ಲಿ ಮಾರುಕಟ್ಟೆಗೆ ಬಂತು. ಆ ಕಾಲಕ್ಕೆ ದೊಡ್ಡ ಸಾಹೇಬರ ಕುರ್ಚಿ ಅಂದರೆ ಚರ್ಮ, ದಪ್ಪ ಕುಶನ್. ಇದರಲ್ಲಿ ಎರಡೂ ಇರಲಿಲ್ಲ, ಬರೀ ಜಾಲಿ ಮತ್ತು ಚೌಕಟ್ಟು. ಶುರುವಿಗೆ ನೋಡಿದವರು ಮೂಗು ಮುರಿದರು. ಕುಳಿತವರು ಮಾತ್ರ ಬಿಡಲಿಲ್ಲ. ಮೈ ಅಳತೆಗೆ ತಕ್ಕಂತೆ ಎ, ಬಿ, ಸಿ ಅಂತ ಮೂರು ಸೈಜಿನಲ್ಲಿ ಬಂದ ಕುರ್ಚಿ ಅದು. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಇದೆ. ನಮ್ಮ ಅಂಗಡಿಗಳಲ್ಲಿ ಈಗ ಸಾಲಾಗಿ ನಿಂತಿರುವ ಜಾಲಿ ಕುರ್ಚಿಗಳಿಗೆ ದಾರಿ ಮಾಡಿಕೊಟ್ಟದ್ದರಲ್ಲಿ ಅದರ ಪಾಲು ದೊಡ್ಡದು.

ಕೊಳ್ಳುವಾಗ ಕುರ್ಚಿಯನ್ನು ಒಮ್ಮೆ ಮಗುಚಿ ಅಡಿಭಾಗ ನೋಡಿ. ಸೀಟನ್ನು ಏರಿಸಿ ಇಳಿಸುವ, ಅಂಗಡಿಯವರು ಹೈಡ್ರಾಲಿಕ್ ಅನ್ನುವ ಕೊಳವೆಯಲ್ಲಿ ಎಣ್ಣೆಗಿಂತ ಮುಖ್ಯವಾಗಿ ಇರುವುದು ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್, ಒಳಗಿನ ಸೀಲ್ ಸವೆದರೆ ಕುರ್ಚಿ ಕೂತಲ್ಲೇ ಇಳಿಯುತ್ತದೆ. ಅದರ ಮೇಲೆ ಕ್ಲಾಸ್ 3 ಅಥವಾ 4 ಅಂತ ಇದ್ದರೆ ಒಳ್ಳೆಯದು, 4 ಹೆಚ್ಚು ಗಟ್ಟಿ. ಕಾಲು ಐದು ಇರಲೇಬೇಕು, ನಾಲ್ಕರ ರಿವಾಲ್ವಿಂಗ್ ಚೇರ್ ಪಕ್ಕಕ್ಕೆ ಬಾಗಿದಾಗ ಮಗುಚುತ್ತದೆ. ಸೀಟಿನ ಅಡಿ ಒಂದು ದುಂಡನೆಯ ತಿರುಪು ಇರುತ್ತದೆ. ಹಿಂದಕ್ಕೆ ಒರಗುವಾಗ ಕುರ್ಚಿ ಎಷ್ಟು ಬಲವಾಗಿ ತಡೆಯಬೇಕು ಅನ್ನುವುದನ್ನು ಅದು ಹೇಳುತ್ತದೆ. ವರ್ಷಗಟ್ಟಲೆ ಅದನ್ನು ಮುಟ್ಟದವರೇ ಜಾಸ್ತಿ. ಹಗುರ ಮೈಯವರು ಸಡಿಲಿಸಬೇಕು, ದಪ್ಪ ಇರುವವರು ಬಿಗಿಯಬೇಕು, ಬೆನ್ನು ಒತ್ತಿದರೆ ಸಲೀಸಾಗಿ ಹಿಂದೆ ಹೋಗಿ ಅಷ್ಟೇ ಸಲೀಸಾಗಿ ಮುಂದೆ ಬರುವವರೆಗೆ. ಅಗ್ಗದ ಕುರ್ಚಿ ಒರಗಿದರೆ ಸೀಟೂ ಜೊತೆಗೇ ಎದ್ದು ಪಾದ ನೆಲ ಬಿಡುತ್ತದೆ. ಸಿಂಕ್ರೋ ಟಿಲ್ಟ್ ಇರುವುದರಲ್ಲಿ ಬೆನ್ನು ಎರಡು ಪಾಲು ಹೋದರೆ ಸೀಟು ಸುಮಾರು ಒಂದು ಪಾಲು ಮಾತ್ರ, ಪಾದ ನೆಲದಲ್ಲೇ ಉಳಿಯುತ್ತದೆ. ನಾಲ್ಕು ಕಾಸು ಜಾಸ್ತಿ ಕೊಡುವುದಿದ್ದರೆ ಇದಕ್ಕೆ ಕೊಡಿ, ಹೊಳಪಿಗಲ್ಲ.

ದುಡ್ಡು ಕಡಿಮೆ ಇದ್ದು ಒಳ್ಳೆಯದೇ ಬೇಕು ಅನ್ನುವವರು ಸೆಕೆಂಡ್ ಹ್ಯಾಂಡ್ ನೋಡಿ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ, ಅಲ್ಲಿ ಆಫೀಸುಗಳು ಜಾಗ ಬದಲಿಸುವಾಗ ಒಳ್ಳೆಯ ಕುರ್ಚಿಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೊರಬೀಳುತ್ತವೆ. ಜಾಲಿ ಜೋತಿದೆಯೇ, ಕೂತು ಹತ್ತು ನಿಮಿಷ ಆದ ಮೇಲೆ ಇಳಿಯುತ್ತದೆಯೇ, ಕಾಲುಗಳ ಬುಡದಲ್ಲಿ ಬಿರುಕು ಇದೆಯೇ, ಇಷ್ಟು ನೋಡಿ. ಬಟ್ಟೆ ಕೊಳೆಯಾಗಿದ್ದರೆ ಹೆದರಬೇಡಿ. ಸೀಟಿನ ಫೋಮ್, ಬಟ್ಟೆ ಎರಡನ್ನೂ ಊರಿನ ಕುಶನ್ ಕೆಲಸದವರು ಬದಲಿಸಿ ಕೊಡುತ್ತಾರೆ, ಬಣ್ಣವನ್ನು ಆಗ ಮನೆಯವರೆಲ್ಲ ಕೂತು ಆರಿಸಬಹುದು.